ಸ್ಟಾಪ್ ಅಂದ್ರೆ ಎಲ್ಲಿ?

ಪೈಥಾನ್ ಭಾಷೆಯ ಅಧಿಕೃತ ಟ್ಯುಟೋರಿಯಲ್ ನನಗಿಷ್ಟ. ಜಂಭವಿಲ್ಲ, ಬೇಡದ ಮಾತಿಲ್ಲ. ಆದರೆ ಅದರಲ್ಲಿ ‘ರೇಂಜ್’ ಬಗ್ಗೆ ಇರುವ ಪುಟ್ಟ ಭಾಗದ ಮೇಲೆ ನನ್ನದೊಂದು ತಕರಾರಿದೆ.

ಕೊನೆಗೆ ಕೊಟ್ಟ ಸಂಖ್ಯೆ ಸರಣಿಯಲ್ಲಿ ಸೇರುವುದಿಲ್ಲ ಅಂತ ಅದು ಸ್ಪಷ್ಟವಾಗಿಯೇ ಹೇಳುತ್ತೆ. ರೇಂಜ್(10) ಅಂದರೆ 0ಯಿಂದ 9. ಹತ್ತು ಐಟಂ ಇರುವ ಲಿಸ್ಟಿನ ಇಂಡೆಕ್ಸ್‌ಗಳೂ ಅವೇ ಅಂತ ಕಾರಣವನ್ನೂ ಸೂಚಿಸುತ್ತೆ. ಸರಿ. ಆದರೆ ರೇಂಜ್(5, 10)ರಲ್ಲಿ 10 ಯಾಕಿಲ್ಲ? ಅಲ್ಲಿ ಉದಾಹರಣೆ ಇದೆ, ಕಾರಣ ಇಲ್ಲ.

ಕಾರಣ ಕಷ್ಟದ್ದೇನಲ್ಲ. 10ರಲ್ಲಿ 5 ಕಳೆದರೆ 5. ಲೂಪ್ ತಿರುಗುವುದೂ ಐದೇ ಸಲ. ರೇಂಜ್(0, 5) ಆದಮೇಲೆ ರೇಂಜ್(5, 10) ಓಡಿಸಿದರೆ ನಡುವೆ ಯಾವ ಸಂಖ್ಯೆಯೂ ಬಿಟ್ಟುಹೋಗಲ್ಲ, ಯಾವುದೂ ಎರಡು ಸಲ ಬರಲ್ಲ. ಎಣಿಕೆ ಸೊನ್ನೆಯಿಂದ ಯಾಕೆ ಶುರುವಾಗಬೇಕು ಅಂತ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಟಿಪ್ಪಣಿಯಲ್ಲೂ ಈ ವಾದವಿದೆ. ಇಷ್ಟು ಗೊತ್ತಾದರೆ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ.

ಇನ್ನೂ ದೊಡ್ಡ ಕೊರತೆ ರೇಂಜ್(10, 0)ದ್ದು. 10ರಿಂದ ಕೆಳಗಿಳಿಯುತ್ತೆ ಅಂದುಕೊಂಡರೆ ಏನೂ ಬರಲ್ಲ. ಎರರ್ ಕೂಡ ಬರಲ್ಲ. ಲೂಪ್ ಒಂದು ಸಲವೂ ತಿರುಗದೆ ಪ್ರೋಗ್ರಾಂ ತಣ್ಣಗೆ ಮುಂದೆ ಹೋಗುತ್ತೆ. ಸ್ಟೆಪ್ -1 ಅಂತ ಕೊಟ್ಟರೆ ಮಾತ್ರ ಇಳಿಯುತ್ತೆ. ಆಗಲೂ 1ಕ್ಕೇ ನಿಲ್ಲುತ್ತೆ. ಇಂಥ ಖಾಲಿ ಸರಣಿಯ ಉದಾಹರಣೆ ಲೈಬ್ರರಿ ರೆಫರೆನ್ಸ್‌ನಲ್ಲಿದೆ, ಸೂತ್ರದ ಸಮೇತ. ಆದರೆ ಹೊಸಬರು ಅಲ್ಲಿಗೆ ಹೋಗುವುದು ಪೆಟ್ಟು ತಿಂದ ಮೇಲೆ. ಕಾಣುವ ತಪ್ಪನ್ನು ಹುಡುಕಬಹುದು. ಸದ್ದಿಲ್ಲದೆ ಆಗದೇ ಹೋದ ಕೆಲಸವನ್ನು ಎಲ್ಲಿ ಅಂತ ಹುಡುಕೋದು?

ಕನ್ನಡದಲ್ಲಿ ಹೇಳಿಕೊಡುವಾಗ ಗೊಂದಲ ಇನ್ನೂ ಹೆಚ್ಚು. ‘5ರಿಂದ 10ರವರೆಗೆ’ ಅಂದುಬಿಡ್ತೀವಿ. ‘ಸೋಮವಾರದಿಂದ ಶುಕ್ರವಾರದವರೆಗೆ ಆಫೀಸು’ ಅಂದರೆ ಶುಕ್ರವಾರವೂ ಹೋಗಲೇಬೇಕಲ್ಲ! ರೆಫರೆನ್ಸ್ ಇಟ್ಟಿರುವ ‘ಸ್ಟಾಪ್’ ಅನ್ನೋ ಹೆಸರೂ ಸಹಾಯಕ್ಕೆ ಬರಲ್ಲ. ಬಸ್ಸು ಸ್ಟಾಪಿಗೆ ಬಂದೇ ತಾನೆ ನಿಲ್ಲೋದು?

ಅದಕ್ಕೇ ನಾನು ಟೀಮಿಗೆ ಬರುವ ಹೊಸಬರಿಗೆ ‘ಅದನ್ನ ಹೊಲದ ಬದು ಅಂದ್ಕೊಳ್ಳಿ’ ಅಂತೀನಿ. ನೇಗಿಲು ಬದುವಿನ ತನಕ ಹೋಗುತ್ತೆ, ಬದುವನ್ನು ಉಳುವುದಿಲ್ಲ. ಎತ್ತುಗಳನ್ನು ತಿರುಗಿಸಿಕೊಂಡು ಈಚೆ ಕಡೆ ಬಂದರೂ ಅಷ್ಟೇ, ಈಚೆಯ ಬದು ಹಾಗೇ ಉಳಿಯುತ್ತೆ. ತಿರುಗಿಸುವುದು ಮಾತ್ರ ನಾವೇ. ಎತ್ತು ತಾನಾಗಿ ತಿರುಗಲ್ಲ.

ಟ್ಯುಟೋರಿಯಲ್‌ಗೆ ಹೊಸ ಅಧ್ಯಾಯವೇನೂ ಬೇಡ. ಕಾರಣ ಹೇಳುವ ಎರಡು ವಾಕ್ಯ, ಖಾಲಿ ಸರಣಿಯ ಒಂದು ಉದಾಹರಣೆ ಸಾಕು.