ಕಟೌಟಿನ ಆಚೆಗಿನ ಅಭಿಮಾನ

ಮಾರ್ಚ್ 17 ಪುನೀತ್ ರಾಜ್‌ಕುಮಾರ್ ಹುಟ್ಟಿದ ದಿನ, ಅಕ್ಟೋಬರ್ 29 ಅವರು ತೀರಿಕೊಂಡ ದಿನ. ಈ ಎರಡು ದಿನ ಕರ್ನಾಟಕದ ಯಾವ ಊರಿಗೆ ಹೋದರೂ ಅಭಿಮಾನಿ ಹುಡುಗರು ಏನಾದರೊಂದು ಮಾಡುತ್ತಿರುತ್ತಾರೆ. ಮಾಲೆ ಹಾಕಿದ ಫೋಟೊ, ಅನ್ನಸಂತರ್ಪಣೆ, ಸರ್ಕಾರಿ ಆಸ್ಪತ್ರೆಯ ರೋಗಿಗಳಿಗೆ ಹಣ್ಣು-ಬ್ರೆಡ್ಡು, ಶಾಲೆ ಮಕ್ಕಳಿಗೆ ನೋಟ್‌ಬುಕ್ಕು, ರಕ್ತದಾನ ಶಿಬಿರ, ನೇತ್ರದಾನದ ಅರ್ಜಿ. ವಿಜಯಪುರದ ಗಾಂಧಿ ಚೌಕದಿಂದ ಹಿಡಿದು ತಿಕೋಟಾ, ಬಬಲೇಶ್ವರದ ಬಸ್ ನಿಲ್ದಾಣಗಳವರೆಗೆ ಪುನೀತ್ ಅವರ ‘ಅಪ್ಪು’ ಎಂಬ ಎರಡಕ್ಷರದ ಹೆಸರಿಗೆ ಇರುವ ಬಲ ಯಾವ ಪಕ್ಷದ ಬಾವುಟಕ್ಕೂ ಇಲ್ಲ. ಸಿನಿಮಾ ವಿಮರ್ಶೆ ತೆರೆಯ ಮೇಲಿನದನ್ನಷ್ಟೇ ಅಳೆಯುತ್ತ ಬಂದಿದೆ. ತೆರೆಯ ಮುಂದೆ ಕೂತವರು ಎದ್ದು ಹೊರಗೆ ಬಂದು ಮಾಡಿದ್ದನ್ನು ಅದು ಅಳೆದದ್ದು ಕಡಿಮೆ. ಆ ಕೆಲಸವೂ ವಿಮರ್ಶೆಗೆ ಅರ್ಹ. ಅದನ್ನು ಸುಮ್ಮನೆ ಹೊಗಳಿಬಿಟ್ಟರೆ ಆ ಹುಡುಗರಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ಈ ಪರಂಪರೆಯ ಬೇರು ಹಳೆಯದು. 1954ರಲ್ಲಿ ಡಾ. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ ಅದು. ಶಿವಶರಣರ ಕಥೆ ಕೇಳುತ್ತಲೇ ಬೆಳೆಯುವ ನಮ್ಮ ಭಾಗದಲ್ಲಿ ಕಣ್ಣಪ್ಪನನ್ನು ಯಾರಿಗೂ ಪರಿಚಯಿಸಬೇಕಿಲ್ಲ. ಅದಾಗಿ ನಲವತ್ತು ವರ್ಷಕ್ಕೆ, 1994ರಲ್ಲಿ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಶುರುವಾಯಿತು. ಅವರು ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. 2006ರಲ್ಲಿ ಅವರು, 2017ರಲ್ಲಿ ಪತ್ನಿ ಪಾರ್ವತಮ್ಮನವರು, 2021ರಲ್ಲಿ ಮಗ ಪುನೀತ್ ತೀರಿಕೊಂಡಾಗ, ಮೂವರ ವಿಷಯದಲ್ಲೂ ಆ ಮಾತು ನಡೆಯಿತು. ಪುರಾಣದ ಕಣ್ಣು ದೇವರಿಗೆ ಸಂದಿತು, ಈ ಮನೆಯ ಕಣ್ಣುಗಳು ಹೆಸರು ಗೊತ್ತಿಲ್ಲದ ಮನುಷ್ಯರಿಗೆ ಸಂದವು. ಕನ್ನಡ ಚಿತ್ರರಂಗ ತನ್ನ ಪ್ರೇಕ್ಷಕರಿಗೆ ಕೊಟ್ಟಿರುವುದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುತ್ತಿಲ್ಲ.

ಆದರೆ ಅದೇ 2006ರ ಏಪ್ರಿಲ್ 12 ಮತ್ತು 13ನ್ನು ಮರೆಯುವಂತಿಲ್ಲ. ಒಂದು ಕಡೆ ಅಣ್ಣಾವ್ರ ಕಣ್ಣುಗಳು ದಾನವಾಗಿದ್ದವು, ಇನ್ನೊಂದು ಕಡೆ ಅದೇ ಬೆಂಗಳೂರಿನ ಬೀದಿಗಳಲ್ಲಿ ಬಸ್ಸುಗಳು ಉರಿಯುತ್ತಿದ್ದವು. ಆ ಗಲಭೆಯಲ್ಲಿ ಕರ್ತವ್ಯದ ಮೇಲಿದ್ದ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಎಂಟು ಜನ ಸತ್ತರು. ಅಭಿಮಾನಿಗಳನ್ನೇ ದೇವರೆಂದು ಕರೆದು ಕೈಮುಗಿಯುತ್ತಿದ್ದ ಅಣ್ಣಾವ್ರ ಅಂತಿಮ ದರ್ಶನವೇ ಜನರಿಗೆ ಸರಿಯಾಗಿ ಆಗಲಿಲ್ಲ. ಅಭಿಮಾನ ತಾನಾಗಿಯೇ ದಯೆಯಾಗುತ್ತದೆ ಎಂದು ನಂಬುವವರು ಈ ಎರಡು ದಿನಗಳಿಗೆ ಉತ್ತರ ಹೇಳಬೇಕು. ಹದಿನೈದು ವರ್ಷದ ನಂತರ, 2021ರ ಅಕ್ಟೋಬರ್ ಕೊನೆಯಲ್ಲಿ, ಅದೇ ನಗರ ಅದೇ ಮನೆತನದ ಇನ್ನೊಂದು ಸಾವನ್ನು ಕಂಡಿತು. 46 ವರ್ಷದ ಪುನೀತ್ ಹಠಾತ್ತಾಗಿ ಹೋಗಿದ್ದರು, ಆಘಾತ ಹೆಚ್ಚೇ ಇತ್ತು. ಆದರೂ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಾಂತರ ಜನ ಸಾಲಿನಲ್ಲಿ ನಿಂತರು, ಕುಟುಂಬ ಕೈಮುಗಿದು ಕೇಳಿಕೊಂಡದ್ದನ್ನು ನಡೆಸಿಕೊಟ್ಟರು.

ನಂತರ ನಡೆದದ್ದು ಇನ್ನೂ ಮುಖ್ಯ. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಸಾಮಾನ್ಯವಾಗಿ ಎರಡು ಕಣ್ಣಿಗೆ ಇಬ್ಬರು. ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿಯವರ ತಂಡ ಪ್ರತಿ ಕಾರ್ನಿಯಾವನ್ನು ಎರಡು ಪದರವಾಗಿ ಬಿಡಿಸಿ, ಮೇಲಿನ ಪದರವನ್ನು ಮೇಲ್ಭಾಗ ಹಾಳಾದವರಿಗೂ ಒಳ ಪದರವನ್ನು ಒಳಭಾಗ ಹಾಳಾದವರಿಗೂ ಕೂರಿಸಿತು. ಸುದ್ದಿ ಹಬ್ಬಿದ ಮೇಲೆ ನೇತ್ರದಾನದ ಅರ್ಜಿ ತುಂಬುವವರ ಸಂಖ್ಯೆ ರಾಜ್ಯದುದ್ದಕ್ಕೂ ಒಮ್ಮೆಲೇ ಏರಿತು. ಪುನೀತ್ ಅವರ ದಾನಧರ್ಮದ ಬಗ್ಗೆ ಆ ದಿನಗಳಲ್ಲಿ ದೊಡ್ಡ ದೊಡ್ಡ ಅಂಕಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆ ಅಂಕಿಗಳ ಅಗತ್ಯವೇ ಇರಲಿಲ್ಲ. ಹುಡುಗರನ್ನು ಅಲುಗಿಸಿದ್ದು ಅಂಕಿ ಅಲ್ಲವೇ ಅಲ್ಲ. ತಿಕೋಟಾದ ದ್ರಾಕ್ಷಿ ತೋಟದ ಕೂಲಿ ಹುಡುಗ ಅಪ್ಪುವಿನಂತೆ ಕುಣಿಯಲಾರ, ಅಪ್ಪುವಿನಂತೆ ಶಾಲೆಗಳಿಗೆ ಹಣ ಕೊಡಲಾರ. ಕಣ್ಣು ಮಾತ್ರ ಅಪ್ಪು ಕೊಟ್ಟಷ್ಟೇ ಕೊಡಬಲ್ಲ, ಒಂದು ಗುಂಜಿ ಕಡಿಮೆಯಿಲ್ಲದೆ. ಮೆಚ್ಚಿದವರು ಹಾಗೆ ಸರಿಸಮನಾಗಿ ಮಾಡಬಹುದಾದ ಒಂದು ಕೆಲಸವನ್ನು ಬಿಟ್ಟುಹೋದಾಗಲೇ ಅಭಿಮಾನಕ್ಕೆ ದಾರಿ ಸಿಗುತ್ತದೆ. ನನ್ನ ವಾದ ಇಷ್ಟೇ.

ಆ ದಿನಗಳಲ್ಲಿ ದುಃಖ ತಡೆಯಲಾಗದೆ ಜೀವ ಕಳೆದುಕೊಂಡವರೂ ಇದ್ದರು. ಹಾಗೆ ಮಾಡಬೇಡಿ ಎಂದು ಕುಟುಂಬದವರು ಅಂಗಲಾಚಿದರು. ಅಭಿಮಾನಿ ಸಂಘ ಎಂದರೆ ಮೊದಲು ತನ್ನೊಳಗಿನ ಹುಡುಗರನ್ನು ಕಾಯುವ ಬಳಗವಾಗಬೇಕು. ಯಾವ ಗೆಳೆಯ ಮಂಕಾಗಿದ್ದಾನೆ, ಯಾರು ಊಟ ಬಿಟ್ಟಿದ್ದಾರೆ, ಯಾರ ಜೊತೆ ರಾತ್ರಿ ಒಬ್ಬರು ಇರಬೇಕು ಎಂದು ನೋಡುವುದು ಶಿಬಿರಕ್ಕಿಂತ ಮೊದಲ ಸೇವೆ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ವಿಜಯಪುರ ಜೋಳದ ಸೀಮೆ. ಹಿಂಗಾರಿ ಜೋಳದ ಸುಗ್ಗಿಯಲ್ಲಿ ಒಣಗಿದ ರವದಿ ಕಣ್ಣಿಗೆ ಬಡಿಯುವುದು, ಕಸ ಸಿಡಿಯುವುದು, ಜಾಲಿ ಮುಳ್ಳು ತಗಲುವುದು ದಿನದ ಮಾತು. ಹೊಲದಲ್ಲಿ ಆದ ಇಂಥ ಸಣ್ಣ ಗಾಯಕ್ಕೆ ಶಿಲೀಂಧ್ರ ಸೋಂಕು ತಗಲಿ, ತೊಪ್ಪಲಿನ ರಸವನ್ನೋ ಅಂಗಡಿಯಲ್ಲಿ ಸಿಕ್ಕ ಹನಿಯನ್ನೋ ಹಾಕಿ ವಾರ ಕಳೆದ ಮೇಲೆ ಆಸ್ಪತ್ರೆಗೆ ಬಂದಾಗ ಕಾರ್ನಿಯಾ ಬೆಳ್ಳಗಾಗಿರುತ್ತದೆ. ಹಳ್ಳಿಗಾಡಿನಲ್ಲಿ ಕಾರ್ನಿಯಾ ಅಂಧತ್ವಕ್ಕೆ ಇದು ದೊಡ್ಡ ಕಾರಣಗಳಲ್ಲೊಂದು. ಅಂದರೆ ನೇತ್ರದಾನ ಬೆಂಗಳೂರಿನ ಆಸ್ಪತ್ರೆಗಳ ವಿಷಯವಾಗಿ ಉಳಿಯಬೇಕಿಲ್ಲ. ಬಬಲೇಶ್ವರದ ಹೊಲದಲ್ಲಿ ಕಣ್ಣು ಕಳೆದುಕೊಂಡ ಹೆಣ್ಣುಮಗಳಿಗೆ ಅದು ನೇರವಾಗಿ ಬೇಕು. ಆದರೆ ಅಭಿಮಾನಿ ಸಂಘಗಳ ಭಾಷಣದಲ್ಲಿ ರವದಿಯ ಮಾತು ಬರುವುದೇ ಇಲ್ಲ. ಕಣ್ಣು ಕೊಡುವ ಮಾತಿದೆ, ಕಣ್ಣು ಉಳಿಸುವ ಮಾತಿಲ್ಲ. ಸುಗ್ಗಿಗೆ ಮೊದಲು ಕೂಲಿಕಾರರಿಗೆ ನೂರು ಜೋಡಿ ಅಗ್ಗದ ಕನ್ನಡಕ ಹಂಚಿ, ‘ಕಣ್ಣಿಗೆ ಬಡಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗ್ರಿ’ ಎಂದು ಹೇಳಿದರೆ ಆ ಸಂಘ ಒಂದು ದೊಡ್ಡ ಬ್ಯಾನರಿನ ಖರ್ಚಿನಲ್ಲಿ ಹಲವು ಕಣ್ಣು ಉಳಿಸಬಹುದು.

ಅರ್ಜಿ ತುಂಬುವುದರಲ್ಲೂ ಒಂದು ತೊಡಕಿದೆ, ಅದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ಜೇಬಿನಲ್ಲಿರುವ ನೇತ್ರದಾನದ ಕಾರ್ಡು ತಾನಾಗಿ ಕಣ್ಣು ಕೊಡಿಸುವುದಿಲ್ಲ. ವ್ಯಕ್ತಿ ಸತ್ತ ಮೇಲೆ ಮನೆಯವರು ಒಪ್ಪಬೇಕು, ಯಾರಾದರೊಬ್ಬರು ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಆರು ಗಂಟೆಯೊಳಗೆ ತಂಡ ಬಂದು ಕಣ್ಣು ತೆಗೆದುಕೊಳ್ಳಬೇಕು. ತಿಕೋಟಾ ಅಥಣಿ ರಸ್ತೆಯಲ್ಲಿದೆ, ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿದೆ. ಎರಡೂ ವಿಜಯಪುರದಿಂದ ಇಪ್ಪತ್ತು ಇಪ್ಪತ್ತೈದು ಕಿಲೊಮೀಟರ್ ಆಸುಪಾಸು. ಆರು ಗಂಟೆ ಧಾರಾಳವಾಗಿ ಸಾಕು. ನಮ್ಮ ಕಡೆ ದೂರದ ಬೀಗರು ಬರುವವರೆಗೆ, ಭಜನೆ ಮುಗಿಯುವವರೆಗೆ ಹೇಗೂ ಕಾಯುತ್ತೇವೆ. ಆ ಕಾಯುವ ಹೊತ್ತಿನಲ್ಲಿಯೇ ಕೆಲಸ ಮುಗಿಯುತ್ತದೆ; ತೆಗೆಯಲು ಅರ್ಧ ಗಂಟೆಯೂ ಬೇಡ, ಮುಖ ಕೆಡುವುದಿಲ್ಲ, ಅಂತ್ಯಕ್ರಿಯೆಯ ಯಾವ ಪದ್ಧತಿಗೂ ಅಡ್ಡಿಯಾಗುವುದಿಲ್ಲ. ಅಲ್ಲಿಯವರೆಗೆ ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟರೆ ಸಾಕು. ಕನ್ನಡಕ ಹಾಕಿದವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ ಇದ್ದವರೂ ಕೊಡಬಹುದು. ಇಷ್ಟನ್ನು ತಿಳಿದ ಒಬ್ಬ ಹುಡುಗ ಸಾವಿನ ಮನೆಯಲ್ಲಿದ್ದು, ಹಿರಿಯರೊಬ್ಬರ ಕಿವಿಯಲ್ಲಿ ಮೆಲ್ಲಗೆ ಮಾತು ಎತ್ತಿದರೆ ಕಣ್ಣು ಉಳಿಯುತ್ತದೆ. ವೇದಿಕೆಯ ಮೇಲೆ ಸಾವಿರ ಅರ್ಜಿ ತುಂಬಿಸಿದ ಸಂಘಕ್ಕಿಂತ ವರ್ಷಕ್ಕೆ ಐದು ಸಾವಿನ ಮನೆಗಳಲ್ಲಿ ಈ ಮಾತು ಎತ್ತಿದ ಸಂಘ ಮೇಲು ಎಂಬುದು ನನ್ನ ತೀರ್ಪು. ಆ ಕೆಲಸಕ್ಕೆ ಫೋಟೊ ಇರುವುದಿಲ್ಲ, ಚಪ್ಪಾಳೆ ಇರುವುದಿಲ್ಲ, ಬೈಸಿಕೊಳ್ಳುವ ಸಾಧ್ಯತೆಯೂ ಉಂಟು.

ರಕ್ತದಾನದ ಲೆಕ್ಕವೂ ಹೀಗೆಯೇ. ಕೆಂಪು ರಕ್ತಕಣಗಳನ್ನು ಐದಾರು ವಾರ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಮಾರ್ಚ್ 17ರಂದು ಊರಿನ ಹುಡುಗರೆಲ್ಲ ಒಟ್ಟಿಗೆ ಕೊಟ್ಟುಬಿಟ್ಟರೆ ಏಪ್ರಿಲ್ ಕೊನೆಯ ಹೊತ್ತಿಗೆ ಆ ರಕ್ತವೂ ಇರುವುದಿಲ್ಲ, ಕೊಡುವವರೂ ಇರುವುದಿಲ್ಲ. ಕಾಲೇಜು ರಜೆ, ಮದುವೆ, ಸುಡುಬಿಸಿಲು, ತೋಟದವರಿಗೆ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ, ಎಲ್ಲ ಕೂಡಿ ರಕ್ತದ ಕೊರತೆ ಬೀಳುವುದು ಆಗಲೇ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯಿದೆ, ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳ ಹೆರಿಗೆ, ಅಪಘಾತಗಳೆಲ್ಲ ಅಲ್ಲಿಗೇ ಬರುತ್ತವೆ. ಥಲಸ್ಸೇಮಿಯಾ ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಆ ಮಗುವಿಗೆ ನಟನ ಹುಟ್ಟುಹಬ್ಬ ಗೊತ್ತಿಲ್ಲ. ಸಂಘದ ಅರವತ್ತು ಜನ ತಿಂಗಳಿಗೆ ಹದಿನೈದು ಜನರಂತೆ ಸರದಿ ಹಾಕಿಕೊಂಡರೆ ವರ್ಷಪೂರ್ತಿ ರಕ್ತ ಸಿಗುತ್ತದೆ. ಸೇವೆಯ ಪಂಚಾಂಗ ರೋಗಿಯ ಮಂಚದ ಪಕ್ಕದಲ್ಲಿ ಬರೆಯಬೇಕಾದದ್ದು.

ಕಟೌಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗಲಿ ಸತ್ತರು. ನಟ ಆ ಮನೆಗಳಿಗೆ ಬಂದರು, ಇಂಥ ಅಭಿಮಾನ ಬೇಡ ಎಂದರು. ತಂದೆತಾಯಿಗೆ ಮಕ್ಕಳು ಮರಳಿ ಬರಲಿಲ್ಲ. ಕಟೌಟಿಗೆ ಹಾಲು ಸುರಿಯುವ, ಕಂಬದ ಮೇಲೆ ಹತ್ತುವ ಪದ್ಧತಿಯನ್ನು ಅಭಿಮಾನಿ ಸಂಘಗಳೇ ಠರಾವು ಮಾಡಿ ನಿಲ್ಲಿಸಬೇಕು. ಪೊಲೀಸರು ನಿಲ್ಲಿಸಲಿ ಎಂದು ಕಾಯಬಾರದು.

ಹೊರದೇಶದಲ್ಲೂ ಕಥೆ-ಸಿನಿಮಾ ಹುಚ್ಚಿನವರ ಇಂಥ ಬಳಗಗಳಿವೆ. ‘ಸ್ಟಾರ್ ವಾರ್ಸ್’ ವೇಷ ತೊಟ್ಟು ಮಕ್ಕಳ ಆಸ್ಪತ್ರೆಗಳಿಗೆ ಹೋಗುವ 501ನೇ ಲೀಜನ್ 1997ರಿಂದ ಇದೆ. 2005ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹ್ಯಾರಿ ಪಾಟರ್ ಅಲಯನ್ಸ್ 2010ರ ಹೈಟಿ ಭೂಕಂಪಕ್ಕೆ ಓದುಗರಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ ಐದು ವಿಮಾನ ಸಾಮಗ್ರಿ ಕಳಿಸಿತು. ನನಗೆ ಅದಕ್ಕಿಂತ ಹಿಡಿಸಿದ್ದು ಅವರ ಇನ್ನೊಂದು ಕೆಲಸ. ಹ್ಯಾರಿ ಪಾಟರ್ ಹೆಸರಿನಲ್ಲಿ ಮಾರುವ ಚಾಕೊಲೇಟಿನ ಕೋಕೊ ಬೆಳೆಯುವಲ್ಲಿ ದುಡಿಸಿಕೊಂಡ ಮಕ್ಕಳ ಬೆವರು ಇರಬಾರದೆಂದು ಅವರು ವಾರ್ನರ್ ಬ್ರದರ್ಸ್ ಕಂಪನಿಯ ಬೆನ್ನುಬಿದ್ದು ನಾಲ್ಕು ವರ್ಷ ಹೋರಾಡಿದರು. 2015ರಲ್ಲಿ ಕಂಪನಿ ಒಪ್ಪಿತು. ತಾವು ಮೆಚ್ಚಿದ ಲೋಕದ ಒಡೆಯರನ್ನೇ ಪ್ರಶ್ನಿಸಿದ ಅಭಿಮಾನ ಅದು. ನಮ್ಮಲ್ಲಿ ಈ ಧೈರ್ಯ ಇನ್ನೂ ಬಂದಿಲ್ಲ. ಪಾನ್ ಮಸಾಲೆಗೆ ಮುಖ ಕೊಡುವ ತಾರೆಗಳ ಅಭಿಮಾನಿಗಳು ‘ಅಣ್ಣಾ, ಇದು ನಿಮಗೆ ಒಪ್ಪುವುದಿಲ್ಲ, ನಮ್ಮೂರ ಹುಡುಗರು ಹಾಳಾಗುತ್ತಿದ್ದಾರೆ’ ಎಂದು ಪತ್ರ ಬರೆದರೆ, ಆ ಪತ್ರ ಹತ್ತು ಅನ್ನಸಂತರ್ಪಣೆಗೆ ಸಮ.

ಅಭಿಮಾನದ ಕಠಿಣ ಪರೀಕ್ಷೆಯಲ್ಲಿ ವಿಜಯಪುರ ಒಮ್ಮೆ ಪಾಸಾಗಿದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರ ಮೇಲಿನ ಭಕ್ತಿಯನ್ನು ನಟನ ಮೇಲಿನ ಅಭಿಮಾನದ ಜೊತೆ ತೂಗುವುದು ನನ್ನ ಉದ್ದೇಶವಲ್ಲ, ಎರಡರ ನೆಲೆ ಬೇರೆ. ಆದರೆ ಜನಸಾಗರ ಒಂದೇ. ತಮ್ಮ ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು ಅವರು 2014ರಲ್ಲೇ ಬರೆದಿಟ್ಟಿದ್ದರು. ಗದ್ದುಗೆ ಕಟ್ಟಿ ಪೂಜಿಸುವುದೇ ರೂಢಿಯಾದ ಈ ಸೀಮೆಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಲಕ್ಷಾಂತರ ಜನ ಬಂದರು, ಶಿಸ್ತಿನಿಂದ ನಿಂತರು, ಹೇಳಿದ್ದನ್ನು ಹೇಳಿದಂತೆಯೇ ನಡೆಸಿದರು. ಗದ್ದುಗೆ ಏಳಲಿಲ್ಲ. ತಾವು ಮಾಡಬೇಕೆಂದುಕೊಂಡದ್ದನ್ನು ಬಿಟ್ಟು, ಮೆಚ್ಚಿದವರು ಕೇಳಿದ್ದನ್ನು ಮಾಡುವುದು ಈ ಜಿಲ್ಲೆಯ ಜನರಿಗೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾಗಿ ಅಪ್ಪು ಅಭಿಮಾನಿಗಳಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಅಕ್ಟೋಬರ್ 29ಕ್ಕೆ ಮೊದಲು ನಿಮ್ಮ ಸಂಘದ ಪ್ರತಿಯೊಬ್ಬರೂ ಒಂದು ಸಂಜೆ ಮನೆಯಲ್ಲಿ ಅವ್ವ, ಅಪ್ಪ, ಹೆಂಡತಿಯ ಮುಂದೆ ಕೂತು ‘ನಾನು ಸತ್ತರೆ ಕಣ್ಣು ಕೊಡ್ರಿ’ ಎಂದು ಬಾಯಿಬಿಟ್ಟು ಹೇಳಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಊರಿನ ಕಿರಾಣಿ ಅಂಗಡಿ, ಹಾಲಿನ ಡೇರಿ, ಗ್ರಾಮ ಪಂಚಾಯಿತಿಯ ಗೋಡೆಗಳ ಮೇಲೆ ದೊಡ್ಡದಾಗಿ ಬರೆಸಿ. ಅದರ ಪಕ್ಕದಲ್ಲಿ ಅಪ್ಪುವಿನ ಚಿತ್ರ ಇರಲಿ, ಖಂಡಿತ ಇರಲಿ.