ಕೇಳುವವರಿಲ್ಲದ ಜಾಜ್

ಜಾಜ್ ಎಂದೊಡನೆ ಕುಣಿತದ ಗದ್ದಲವನ್ನಷ್ಟೇ ನೆನೆಯುವ ರಸಿಕರು ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನೊಮ್ಮೆ ಕೇಳಬೇಕು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಡನೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ (1923–2009) 1983ರಲ್ಲಿ ಜರ್ಮನಿಯಲ್ಲಿ ನುಡಿಸಿದ್ದು ಇದು.

ಮಾರಿಯಾನೊ ನಾಗಸ್ವರವನ್ನು ಅಭ್ಯಾಸ ಮಾಡಿದವರು. ಆ ಶಿಕ್ಷಣ ಇಲ್ಲಿ ಸಂಯಮವಾಗಿ ಫಲಿಸಿರುವುದು ನನಗೆ ಮೆಚ್ಚುಗೆಯಾಯಿತು. ಆರ್. ಎ. ರಮಾಮಣಿಯವರ ಕಂಠ ರಾಗವನ್ನು ಬಿಡಿಸುವಾಗ ಅವರ ವಾದ್ಯ ಮೇಲೆ ಬೀಳದೆ, ಕಾದಿದ್ದು ಉತ್ತರ ಕೊಡುತ್ತದೆ. ಜಾಜ್‌ನ ಆಶುವಾದನಕ್ಕೆ ಸ್ವರಮೇಳಗಳ ನಡೆ ಆಧಾರ. ನಮ್ಮ ಮನೋಧರ್ಮಕ್ಕೆ ರಾಗ. ಈ ಭೇದವನ್ನು ಮುದ್ರಿಕೆ ಮರೆಮಾಚುವುದಿಲ್ಲ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಸ್ಟುಡಿಯೋದ ಮೌನದಲ್ಲಿ ಶ್ರೋತೃವಿಗೆ ಸ್ಥಾನವಿಲ್ಲ. 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ತಂಡ ನುಡಿಸಿದ್ದರ ಮುದ್ರಣದಲ್ಲಿ ಲೋಟಗಳ ಸದ್ದು, ಜನರ ಮಾತು ಕೂಡ ಕೇಳುತ್ತವೆ. ಸಂಗೀತಕ್ಕೆ ಅದರಿಂದ ಕುಂದೇನೂ ಆಗಿಲ್ಲ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆ ಜಾಜ್ ಕ್ಲಬ್ಬುಗಳಿಲ್ಲ. ಜಾತ್ರೆಯ ಓಲಗವಿದೆ, ರಾತ್ರಿಯ ಭಜನೆಯಿದೆ. ಅಲ್ಲಿ ಕೇಳುವವರ ಒಂದು ‘ಭಲೆ’ ನುಡಿಸುವವನ ಮುಂದಿನ ವರಸೆಯನ್ನೇ ಬದಲಿಸುತ್ತದೆ. ಇಂಥ ಕಲಾವಿದರನ್ನು ಅವರಿರುವಾಗಲೇ, ಆ ಜನರ ನಡುವೆಯೇ ಮುದ್ರಿಸಿಡಬೇಕು. ಸ್ಟುಡಿಯೋಗೆ ಕರೆದೊಯ್ದರೆ ಸ್ವರ ಶುದ್ಧವಾಗಿ ಬಂದೀತು. ಅವರು ಯಾರಿಗೆ ನುಡಿಸುತ್ತಿದ್ದರೆಂಬುದು ಮುಂದಿನವರಿಗೆ ತಿಳಿಯದು.