ಮರುಹುಟ್ಟಿನ ಬೆಲೆ: 'ಎಲ್ಡನ್ ರಿಂಗ್' ಆಟದ ಒಂದು ವಿಮರ್ಶೆ

ವಿಡಿಯೋ ಆಟಗಳನ್ನು ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡೇ ಮಾತುಗಳಲ್ಲಿ ಮುಗಿದುಹೋಗುತ್ತದೆ. ಹಿರಿಯರು 'ಕಾಲಹರಣ' ಎನ್ನುತ್ತಾರೆ. ಕಿರಿಯರು 'ಬರಿಯ ಆಟವಷ್ಟೆ' ಎನ್ನುತ್ತಾರೆ. ಆಟದ ಒಳಗೆ ಏನಿದೆಯೆಂದು ನೋಡುವ ಶ್ರಮವನ್ನು ಈ ಎರಡು ಮಾತುಗಳೂ ತಪ್ಪಿಸುತ್ತವೆ. ಒಂದು ನಾಟಕವನ್ನೋ ಕಾದಂಬರಿಯನ್ನೋ ವಿಮರ್ಶಿಸುವಾಗ ಅದು ಮನುಷ್ಯನ ನಡತೆಯ ಬಗೆಗೆ ಏನು ಹೇಳುತ್ತದೆಂದು ಕೇಳುತ್ತೇವೆ. ನಮ್ಮ ಯುವಕ ಯುವತಿಯರು ನೂರಾರು ಗಂಟೆ ಕಳೆಯುವ ಕಲ್ಪಿತ ಲೋಕಕ್ಕೂ ಅದೇ ಪ್ರಶ್ನೆಯನ್ನು ಹಾಕುವುದು ಉಚಿತ. ಈ ಲೇಖನ ಅಂಥ ಒಂದು ಆಟದ ಒಂದೇ ಅಂಶವನ್ನು ಪರಿಶೀಲಿಸುತ್ತದೆ: ಮಾಡಿಬಿಟ್ಟ ಆಯ್ಕೆಯನ್ನು ಹಿಂದಕ್ಕೆ ಪಡೆಯಲು ಆಟಗಾರನು ಹುಡುಕಬೇಕಾದ ಅಪರೂಪದ ವಸ್ತು.

ಆಟದ ಹೆಸರು 'ಎಲ್ಡನ್ ರಿಂಗ್'. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ಹಿಡೆತಾಕಾ ಮಿಯಾಝಾಕಿಯವರ ನಿರ್ದೇಶನದಲ್ಲಿ ಇದನ್ನು ರಚಿಸಿ, 2022ರ ಫೆಬ್ರವರಿಯಲ್ಲಿ ಹೊರತಂದಿತು. ಅದರ ಹಿನ್ನೆಲೆಯ ಪುರಾಣವನ್ನು ಕಟ್ಟುವುದರಲ್ಲಿ ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪಾಲೂ ಇದೆ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇದು ಹಿಂಸೆಯನ್ನೇ ಆಧಾರವಾಗಿ ಉಳ್ಳ ಆಟ; ಕೊಲ್ಲದೆ ಇದರಲ್ಲಿ ಮುನ್ನಡೆಯಿಲ್ಲ. ಅಮೆರಿಕದ ವರ್ಗೀಕರಣ ಇದನ್ನು 17 ವರ್ಷ ತುಂಬಿದವರಿಗೆಂದು ಗುರುತಿಸಿದೆ. ಆದ್ದರಿಂದ ಚಿಕ್ಕ ಮಕ್ಕಳ ಕೈಗೆ ಕೊಡತಕ್ಕದ್ದೇ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಬೆಳೆದ ಮಕ್ಕಳು ಆಡುತ್ತಿರುವುದಂತೂ ನಿಜ. ಆಡುವವರೊಡನೆ ಏನು ಮಾತನಾಡಬೇಕೆಂಬುದೇ ಇಲ್ಲಿನ ಚಿಂತನೆ.

ಆಟಗಾರನು ಆರಂಭದಲ್ಲಿ ಹತ್ತು ಪೂರ್ವಸ್ಥಿತಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಯೋಧ, ಜ್ಯೋತಿಷಿ, ಡಕಾಯಿತ, ಏನೂ ಇಲ್ಲದ ನಿರ್ಗತಿಕ ಮೊದಲಾದವು ಅವು. ದೇಹಬಲ, ಮನೋಬಲ, ಸಹನೆ, ತೋಳ್ಬಲ, ಚಾತುರ್ಯ, ಬುದ್ಧಿ, ಶ್ರದ್ಧೆ, ಗೂಢಶಕ್ತಿ ಎಂದು ಎಂಟು ಗುಣಗಳಿಗೆ ಅಂಕಗಳಿವೆ. ಎದುರಾಳಿಗಳನ್ನು ಕೊಂದಾಗ 'ರೂನ್' ಎಂಬ ದ್ರವ್ಯ ದೊರೆಯುತ್ತದೆ. ಅದನ್ನು ವ್ಯಯಿಸಿ ಒಂದೊಂದು ಹಂತ ಏರಿದಾಗಲೂ ಒಂದು ಗುಣಕ್ಕೆ ಒಂದು ಅಂಕ ಸೇರುತ್ತದೆ. ಹಂತ ಏರಿದಂತೆ ಬೆಲೆಯೂ ಏರುತ್ತದೆ. ಹೀಗೆ ಅಂಕಗಳನ್ನು ಹಂಚಿ ಕಟ್ಟಿಕೊಂಡ ವ್ಯಕ್ತಿತ್ವಕ್ಕೆ ಆಟಗಾರರ ಮಾತಿನಲ್ಲಿ 'ಬಿಲ್ಡ್' ಎಂದು ಹೆಸರು. ತೋಳ್ಬಲಕ್ಕೆ ಐವತ್ತು ಅಂಕ ಸುರಿದವನು ಮಂತ್ರವಿದ್ಯೆ ಬೇಕೆಂದು ನಡುದಾರಿಯಲ್ಲಿ ಮನಸ್ಸು ಬದಲಿಸಿದರೆ, ಹಾಕಿದ ಅಂಕಗಳು ಸಾಮಾನ್ಯ ಕ್ರಮದಲ್ಲಿ ಹಿಂದಕ್ಕೆ ಬರುವುದಿಲ್ಲ.

ಅದಕ್ಕೆ ಒಂದೇ ಮಾರ್ಗವಿದೆ. ರಾಯಾ ಲುಕಾರಿಯಾ ಎಂಬ ವಿದ್ಯಾಪೀಠದ ಗ್ರಂಥಾಲಯದಲ್ಲಿ ರೆನ್ನಾಲಾ ಎಂಬ ರಾಣಿ ಇದ್ದಾಳೆ. ಅವಳನ್ನು ಯುದ್ಧದಲ್ಲಿ ಸೋಲಿಸಿದ ಮೇಲೆ ಅವಳೇ ಆಟಗಾರನಿಗೆ 'ಮರುಹುಟ್ಟು' ಕೊಡಬಲ್ಲವಳಾಗುತ್ತಾಳೆ. ಒಂದೊಂದು ಮರುಹುಟ್ಟಿಗೂ ಒಂದೊಂದು 'ಲಾರ್ವಲ್ ಟಿಯರ್' ವ್ಯಯವಾಗುತ್ತದೆ. ಜೀವಕ್ಕೂ ಜಡಕ್ಕೂ ನಡುವೆ ನಿಂತ, ಅನ್ಯರ ರೂಪವನ್ನು ಅನುಕರಿಸುವ ಬೆಳ್ಳಿಯಂಥ ಜೀವಿಗಳ ತಿರುಳು ಅದು. ಮೂಲ ಆಟದ ಒಂದು ಸುತ್ತಿನಲ್ಲಿ ಇವು ಇಪ್ಪತ್ತಕ್ಕೂ ಕಡಮೆ. ಒಂದೆರಡು ವ್ಯಾಪಾರಿಗಳಲ್ಲಿ ಕ್ರಯಕ್ಕೆ ಸಿಗುತ್ತವೆ. ಕೆಲವು ನೆಲದಡಿಯ ಪುರಾತನ ನಗರಗಳಲ್ಲಿ ಬಿದ್ದಿವೆ. ಕೆಲವನ್ನು ಕೊಂದೇ ಪಡೆಯಬೇಕು. ಅಲ್ಪನಂತೆ ಕಾಣುವ ಎದುರಾಳಿ ಹೊಡೆತ ಬಿದ್ದೊಡನೆ ಕರಗಿ ಭಾರಿ ಪ್ರಾಣಿಯಾಗಿ ಏಳುವುದೂ ಉಂಟು. ಇವುಗಳ ನೆಲೆಯನ್ನು ಆಟದ ಭೂಪಟ ತೋರಿಸುವುದಿಲ್ಲ.

ಮರುಹುಟ್ಟಿನಿಂದ ಏನು ಮರಳುತ್ತದೆ, ಏನು ಮರಳುವುದಿಲ್ಲ ಎಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ಎಂಟು ಗುಣಗಳಿಗೆ ಹಂಚಿದ ಅಂಕಗಳನ್ನು ಹೊಸದಾಗಿ ಹಂಚಬಹುದು. ಆದರೆ ಒಟ್ಟು ಹಂತ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೊದಲು ಆರಿಸಿದ ಪೂರ್ವಸ್ಥಿತಿ ಬದಲಾಗುವುದಿಲ್ಲ. ಆ ಸ್ಥಿತಿಯಲ್ಲಿ ಇದ್ದ ಅಂಕಕ್ಕಿಂತ ಯಾವ ಗುಣವನ್ನೂ ಕೆಳಗಿಳಿಸಲಾಗದು. ಆಯುಧವನ್ನು ಹದಗೊಳಿಸಲು ವ್ಯಯಿಸಿದ ಕಲ್ಲುಗಳು ಹಿಂದಕ್ಕೆ ಬಾರವು. ಆಟದ ಲೋಕದಲ್ಲಿ ಸತ್ತವರು ಸತ್ತೇ ಇರುತ್ತಾರೆ. ಎಂದರೆ ಇಲ್ಲಿ ತಿದ್ದುಪಡಿಯಾಗುವುದು ಸಾಮರ್ಥ್ಯ ಮಾತ್ರ. ಚರಿತ್ರೆ ಇದ್ದಂತೆಯೇ ಇರುತ್ತದೆ.

ಈ ಏರ್ಪಾಡಿನ ಬೆಲೆ ತಿಳಿಯಬೇಕಾದರೆ ಇತರ ಆಟಗಳೊಡನೆ ಹೋಲಿಸಬೇಕು. 2000ದಲ್ಲಿ ಬಂದ 'ಡಯಾಬ್ಲೋ 2' ಆಟದಲ್ಲಿ ಆಯ್ಕೆಯನ್ನು ಹಿಂಪಡೆಯುವ ಉಪಾಯವೇ ಇರಲಿಲ್ಲ. ಹತ್ತು ವರ್ಷದ ಮೇಲೆ, 2010ರ ಪರಿಷ್ಕರಣೆಯಲ್ಲಿ, ಪ್ರತಿ ಕಠಿಣತೆಯ ಸ್ತರಕ್ಕೊಮ್ಮೆ ಉಚಿತ ಅವಕಾಶ ಕೊಟ್ಟರು. ಅದಕ್ಕೂ ಹೆಚ್ಚು ಬೇಕಾದವರು ಅತಿ ಕಠಿಣ ಸ್ತರದ ಪ್ರಬಲ ಅಸುರರನ್ನು ಕೊಂದಾಗ ಎಂದಾದರೊಮ್ಮೆ ದೊರೆಯುವ ನಾಲ್ಕು ಸತ್ವಗಳನ್ನು ಒಂದುಗೂಡಿಸಿ, ಪಾಪವಿಮೋಚನೆಯ ಹೆಸರಿನ ಒಂದು ಬಿಲ್ಲೆಯನ್ನು ಪಡೆಯಬೇಕಾಯಿತು. ಫ್ರಮ್‌ಸಾಫ್ಟ್‌ವೇರ್‌ನದೇ ಆದ, 2011ರ 'ಡಾರ್ಕ್ ಸೋಲ್ಸ್' ಆಟದಲ್ಲಿ ಅಂಕ ಹಂಚಿದ ಮೇಲೆ ಮುಗಿಯಿತು. 2014ರ ಎರಡನೆಯ ಭಾಗದಲ್ಲಿ ಅದಕ್ಕೊಂದು ಅಪರೂಪದ ಪಾತ್ರೆ ಬಂದಿತು. 2016ರ ಮೂರನೆಯ ಭಾಗದಲ್ಲಿ ಒಂದು ಸುತ್ತಿಗೆ ಐದೇ ಸಲ ಎಂಬ ಮಿತಿ ಬಂದಿತು. 2023ರ 'ಬಾಲ್ಡರ್ಸ್ ಗೇಟ್ 3' ಆಟದಲ್ಲಾದರೋ ನೂರು ಚಿನ್ನದ ನಾಣ್ಯ ತೆತ್ತರೆ ಬೇಕಾದಷ್ಟು ಸಲ ವೃತ್ತಿಯನ್ನೇ ಬದಲಿಸಬಹುದು. ಅಸಾಧ್ಯದಿಂದ ದುರ್ಲಭಕ್ಕೆ, ದುರ್ಲಭದಿಂದ ಸುಲಭಕ್ಕೆ: ಇದು ಈ ಕಲೆ ನಡೆದು ಬಂದ ದಾರಿ.

ಸುಲಭವಾದರೆ ಕೆಡುಕೇನು ಎಂದು ಕೇಳಬಹುದು. ಆಟದ ನಿಯಮವನ್ನೇ ಅರಿಯದ ಹೊತ್ತಿನಲ್ಲಿ ಮಾಡಿದ ಆಯ್ಕೆಗೆ ಐವತ್ತು ಗಂಟೆಗಳ ಮೇಲೆ ದಂಡ ತೆರುವಂತೆ ಮಾಡುವುದು ನ್ಯಾಯವಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ನೂರು ನಾಣ್ಯಕ್ಕೆ ಅಳಿಸಬಹುದಾದ ಆಯ್ಕೆಯನ್ನು ಯಾರೂ ಎರಡು ಸಲ ಯೋಚಿಸಿ ಮಾಡುವುದಿಲ್ಲ. ದುರ್ಲಭತೆಯು ಆಯ್ಕೆಗೆ ತೂಕ ಕೊಡುತ್ತದೆ. 'ನನಗೆ ನಿಜವಾಗಿ ಬೇಕಾದುದೇನು' ಎಂದು ಒಂದು ಗಳಿಗೆ ನಿಂತು ಕೇಳಿಸುತ್ತದೆ. ಆಲೋಚಿಸದೆ ಇಟ್ಟ ಹೆಜ್ಜೆಗೂ ಪಾರಾಗುವ ದಾರಿಯಿದೆ, ಆದರೆ ಆ ದಾರಿ ಸವೆದದ್ದಲ್ಲ ಎಂಬ ಭಾವನೆ ಹುಟ್ಟಿಸುವುದು ಶಿಕ್ಷಣದ ದೃಷ್ಟಿಯಿಂದ ಒಳ್ಳೆಯದೇ. ಈ ಅಂಶದಲ್ಲಿ 'ಎಲ್ಡನ್ ರಿಂಗ್' ಹಿಡಿದದ್ದು ಹದವಾದ ಮಧ್ಯಮಾರ್ಗ.

ಆದರೆ ದುರ್ಲಭತೆಯನ್ನು ಸಾಧಿಸಿದ ಕ್ರಮದಲ್ಲಿ ದೋಷಗಳಿವೆ. ಐದು ಸಲ ಎಂದು ಖಚಿತವಾಗಿ ಹೇಳಿದ ಕಡೆ ಆಟಗಾರನು ತೂಗಿ ನೋಡಬಲ್ಲನು. ಎಷ್ಟಿವೆಯೆಂದೇ ತಿಳಿಸದ ಕಡೆ ಅವನಲ್ಲಿ ವಿವೇಕಕ್ಕಿಂತ ಸಂಗ್ರಹಬುದ್ಧಿ ಬೆಳೆಯುತ್ತದೆ. ಮುಂದೆ ಬೇಕಾದೀತೆಂದು ಹತ್ತಾರು ಟಿಯರ್‌ಗಳನ್ನು ಕೂಡಿಟ್ಟು, ಒಂದನ್ನೂ ಬಳಸದೆ ಆಟ ಮುಗಿಸುವುದಕ್ಕೆ ಅಡ್ಡಿಯೇನಿಲ್ಲ. ಪರಿಗ್ರಹದ ಸ್ವಭಾವವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ. ಇನ್ನು ಪ್ರತಿಯೊಂದೂ ಎಲ್ಲಿದೆಯೆಂಬ ಪಟ್ಟಿ ಕೈಯಲ್ಲಿ ಹಿಡಿದು ಹೊರಟವನಿಗೆ ಹುಡುಕಾಟವು ಅಂಗಡಿ ಸಾಮಾನಿನ ಚೀಟಿಯಾಗುತ್ತದೆ. ಆಲೋಚನೆಗೆ ಎಡೆಮಾಡಲೆಂದು ಇಟ್ಟ ಕಷ್ಟ ಬರಿಯ ಅಲೆದಾಟಕ್ಕೆ ಇಳಿಯುತ್ತದೆ.

ಮೂರನೆಯ ದೋಷ ಹೆಚ್ಚು ಗಂಭೀರವಾದುದು. ತಾನು ಬದಲಾಗಬೇಕೆಂದು ಇಚ್ಛಿಸಿದವನು ಅದಕ್ಕಾಗಿ ಮತ್ತೊಂದನ್ನು ಕೊಲ್ಲಬೇಕಾಗುತ್ತದೆ. ನೆಲದಡಿಯ ನೊಕ್ರಾನ್ ನಗರದಲ್ಲಿ 'ಮಿಮಿಕ್ ಟಿಯರ್' ಎಂಬ ಎದುರಾಳಿ ಆಟಗಾರನ ರೂಪವನ್ನೇ, ಅವನು ತೊಟ್ಟ ಕವಚ ಆಯುಧಗಳನ್ನೇ ತಾಳಿ ಎದುರು ನಿಲ್ಲುತ್ತದೆ. ಅದನ್ನು ಸೋಲಿಸಿದರೆ ದೊರೆಯುವುದು ಒಂದು ಲಾರ್ವಲ್ ಟಿಯರ್. ತನ್ನನ್ನು ಬದಲಿಸಿಕೊಳ್ಳಲು ಮೊದಲು ತನ್ನನ್ನೇ ಎದುರಿಸಬೇಕೆಂಬ ಈ ಕಲ್ಪನೆ ಇಡೀ ಆಟದಲ್ಲಿ ಅತ್ಯಂತ ಅರ್ಥಗರ್ಭಿತವಾದುದು. ಆದರೆ ಅಲ್ಲಿಯೂ ಎದುರಿಸುವುದೆಂದರೆ ಕೊಲ್ಲುವುದೇ ಆಗಿದೆ. ನೋಡುವುದಾಗಲಿ ಅರಿಯುವುದಾಗಲಿ ಅಲ್ಲ. ಕಲ್ಪನೆ ಏರಿದ ಎತ್ತರಕ್ಕೆ ಆಟದ ನಿಯಮ ಏರಲಿಲ್ಲ.

ಕಥೆಗೂ ನಿಯಮಕ್ಕೂ ನಡುವಣ ಈ ಅಂತರ ರೆನ್ನಾಲಾಳ ಪಾತ್ರದಲ್ಲಿ ಇನ್ನೂ ಸ್ಪಷ್ಟ. ಪತಿ ರಾಡಗಾನ್ ತೊರೆದುಹೋದ ಮೇಲೆ ಅವನಿತ್ತ ಒಂದು ಅಂಬರದ ಮೊಟ್ಟೆಯನ್ನು ಎದೆಗಪ್ಪಿ ಕುಳಿತ, ಬುದ್ಧಿ ಕದಡಿದ ರಾಣಿ ಅವಳು. ಅವಳ ಕೈಯಿಂದ ಮರುಹುಟ್ಟು ಪಡೆದವರು ದುರ್ಬಲರು, ಅಲ್ಪಾಯುಗಳು, ಅಪೂರ್ಣರು ಎಂದು ಕಥೆಯೇ ತಿಳಿಸುತ್ತದೆ. ಮತ್ತೆ ಮತ್ತೆ ಹುಟ್ಟುವುದರಿಂದ ಪೂರ್ಣತೆ ಬಾರದೆಂಬ ವಿಷಾದ ಅಲ್ಲಿದೆ. ಆಟಗಾರನ ಮರುಹುಟ್ಟು ಮಾತ್ರ ಯಾವ ಕುಂದೂ ಇಲ್ಲದೆ ನಡೆಯುತ್ತದೆ. ಅದಕ್ಕೆ ಆ ಮೊಟ್ಟೆಯೊಳಗಿನ ಮಹಾರೂನ್ ಕಾರಣವೆಂದು ಸಮಜಾಯಿಷಿ ಕೊಡಲಾಗಿದೆ. ಕಥೆ ಎಚ್ಚರಿಸಿದ್ದನ್ನು ನಿಯಮ ಮರೆಯಿಸುತ್ತದೆ.

ಹೀಗಿದ್ದೂ ಈ ಆಟವನ್ನು ತಳ್ಳಿಹಾಕಲಾಗದಂತೆ ಮಾಡುವುದು ಇದರಲ್ಲಿರುವ ಮತ್ತೊಂದು ಅಪರೂಪದ ವಸ್ತು: 'ಸೆಲೆಸ್ಟಿಯಲ್ ಡ್ಯೂ', ಎಂದರೆ ದಿವ್ಯ ಹಿಮಬಿಂದು. ನಿರಪರಾಧಿಗಳ ಮೇಲೆ ಕೈಮಾಡಿ ಅವರನ್ನು ಶತ್ರುಗಳನ್ನಾಗಿ ಮಾಡಿಕೊಂಡವನು 'ಚರ್ಚ್ ಆಫ್ ವೌಸ್' ಎಂಬ ಪ್ರಾರ್ಥನಾಮಂದಿರದಲ್ಲಿ ಇದನ್ನು ಅರ್ಪಿಸಿ ವೈರವನ್ನು ನೀಗಿಕೊಳ್ಳಬಹುದು. ಆ ಮಂದಿರವನ್ನು ಕಾಯುವ ಪುರೋಹಿತ ಒಂದು ಮಹಾಕೂರ್ಮ. ಆದರೆ ಸತ್ತವನು ಇದರಿಂದ ಬದುಕಿ ಬರುವುದಿಲ್ಲ. ಸಾಮರ್ಥ್ಯವನ್ನು ತಿದ್ದಲು ಒಂದು ವಸ್ತು, ಅಪರಾಧವನ್ನು ಕ್ಷಮಿಸಿಕೊಳ್ಳಲು ಬೇರೆಯೇ ಒಂದು ವಸ್ತು, ಕೊಲೆಗೆ ಯಾವ ವಸ್ತುವೂ ಇಲ್ಲ. ಹಿಂಸೆಯ ಮೇಲೆ ನಿಂತ ಆಟವೊಂದು ಈ ಮೂರನ್ನು ಬೇರ್ಪಡಿಸಿ ಇಟ್ಟದ್ದು ಸಣ್ಣ ವಿಷಯವಲ್ಲ. ನಿತ್ಯದ ಬಾಳಿನಲ್ಲಿ ನಾವು ಈ ಮೂರನ್ನು ಎಷ್ಟೋ ಸಲ ಬೆರೆಸಿಬಿಡುತ್ತೇವೆ. ವೃತ್ತಿಯಲ್ಲಿ ಏಳಿಗೆ ಕಂಡವನ ಹಳೆಯ ಅನ್ಯಾಯವನ್ನು ಅಳಿಸಿಹೋಯಿತೆಂದೇ ಎಣಿಸುತ್ತೇವೆ.

'ಮರುಹುಟ್ಟು' ಎಂಬ ಪದವನ್ನು ಆಟವೇ ಬಳಸಿರುವುದರಿಂದ ನಮ್ಮ ಕರ್ಮಸಿದ್ಧಾಂತದ ಒಂದು ವಿಚಾರವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಕಟ್ಟಿದ ಕರ್ಮ ಕಲ್ಲಿನ ಗೆರೆಯಂತೆ ಎಂದಿಗೂ ಬದಲಾಗದೆಂದು ಶಾಸ್ತ್ರ ಹೇಳುವುದಿಲ್ಲ. ಒಂದೇ ಮೂಲಪ್ರಕೃತಿಯ ಒಂದು ಭೇದವು ಮತ್ತೊಂದಾಗಿ ಮಾರ್ಪಡುವುದನ್ನು ಸಂಕ್ರಮಣವೆಂದು ಕರೆದಿದೆ, ಅಸಾತಾವೇದನೀಯವು ಸಾತಾವೇದನೀಯವಾಗಬಲ್ಲುದು. ಅದಕ್ಕೆ ಮಿತಿಯೂ ಉಂಟು: ಮೂಲಪ್ರಕೃತಿಗಳು ಒಂದಕ್ಕೊಂದು ಬದಲಾಗವು, ಆಯುಕರ್ಮದ ನಾಲ್ಕು ಭೇದಗಳೂ ತಮ್ಮೊಳಗೆ ಬದಲಾಗವು. ಪೂರ್ವಸ್ಥಿತಿಯನ್ನು ಬಿಟ್ಟು ಉಳಿದುದನ್ನು ತಿದ್ದಬಹುದೆಂಬ ಆಟದ ನಿಯಮಕ್ಕೂ ಇದಕ್ಕೂ ಮೇಲುನೋಟದ ಹೋಲಿಕೆ ಇದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಸಂಕ್ರಮಣಕ್ಕೆ ಕಾರಣ ಜೀವದ ಪರಿಣಾಮ, ಒಳಗಿನ ಭಾವದ ಬದಲಾವಣೆ. ಹೊರಗೆ ಎಲ್ಲಿಯೋ ಬಿದ್ದಿರುವ ವಸ್ತುವನ್ನು ಹೆಕ್ಕಿ ತಂದು ಅದನ್ನು ಸಾಧಿಸಲಾಗದು. ಆಟದಲ್ಲಿ ಒಂದು ಟಿಯರ್ ಕೈಸೇರಿದರೆ ಸಾಕು. ಪಶ್ಚಾತ್ತಾಪವಾಗಲಿ ಸಂಕಲ್ಪವಾಗಲಿ ಬೇಕಿಲ್ಲ. ಆಲೋಚನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ ಎಂಬ ಮೂರು ಮೆಟ್ಟಿಲುಗಳಲ್ಲಿ ಒಂದನ್ನೂ ಏರದೆ ಅಲ್ಲಿ ಮೇಲಿನ ಮಹಡಿ ಸೇರಬಹುದು.

ಹತ್ತನೆಯ ತರಗತಿಯ ಮೇಲೆ ವಿಜ್ಞಾನವೋ ವಾಣಿಜ್ಯವೋ ಎಂದು ಆರಿಸಿ, ಎರಡು ವರ್ಷದಲ್ಲಿ ಅದು ತನಗೆ ಒಗ್ಗದೆಂದು ಕಂಡುಕೊಂಡು ಕುಗ್ಗಿಹೋಗುವ ಮಕ್ಕಳು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಅವರ ಮುಂದೆ ಎರಡು ಸುಳ್ಳುಗಳಿವೆ. ಆಯ್ಕೆ ಮಾಡಿದ ಮೇಲೆ ಬದುಕು ಮುಗಿಯಿತೆಂಬುದು ಒಂದು. ಹಣ ತೆತ್ತರೆ ಎಲ್ಲವನ್ನೂ ಅಳಿಸಿ ಬರೆಯಬಹುದೆಂಬುದು ಮತ್ತೊಂದು. ಈ ಆಟವನ್ನು ಆಡುವ ಮಗನೊಡನೆ ಅಥವಾ ಮಗಳೊಡನೆ ತಂದೆತಾಯಿಗಳು ಕುಳಿತು, ಮರುಹುಟ್ಟಿನಲ್ಲಿ ಏನು ಮರಳಿತು, ಏನು ಮರಳಲಿಲ್ಲ ಎಂದು ಕೇಳಿದರೆ, ಈ ಎರಡು ಸುಳ್ಳುಗಳನ್ನೂ ಒಡೆಯುವ ಮಾತು ತಾನಾಗಿ ಹುಟ್ಟೀತು. ಬಸದಿಗಳ ಟ್ರಸ್ಟುಗಳು ನಡೆಸುವ ಯುವ ಶಿಬಿರಗಳಲ್ಲಿಯೂ ಆಟಗಳ ನಿಂದೆಗೆ ಮೀಸಲಾದ ಒಂದು ಗಂಟೆಯನ್ನು ಈ ಪ್ರಶ್ನೆಗೆ ಕೊಡಬಹುದು. ಗಳಿಸಿದ ಬಲವನ್ನು ಬೇರೆ ದಾರಿಗೆ ತಿರುಗಿಸಲು ಸಾಧ್ಯವಿದೆ, ನೋಯಿಸಿದವರಲ್ಲಿ ಕ್ಷಮೆ ಬೇಡಲೂ ಸಾಧ್ಯವಿದೆ. ಕಳೆದ ಜೀವವನ್ನು ಮರಳಿ ತರಲು ಮಾತ್ರ ಸಾಧ್ಯವಿಲ್ಲ. ಕೈ ಎತ್ತುವ ಮೊದಲೇ ಇದನ್ನು ನೆನೆಯುವವನಿಗೆ ಅಪರೂಪದ ಯಾವ ವಸ್ತುವನ್ನೂ ಹುಡುಕಿ ಹೋಗುವ ಅಗತ್ಯ ಬೀಳದು.